ತಂಗಿ ನೋಮ್ ಪೆನ್‌ಗೆ ಹೊರಟಾಗ ನಾನು ಹಾಕಿದ ಲೆಕ್ಕ

ಶನಿವಾರ ಸಂಜೆ, ಹಿಂಜೇವಾಡಿ ಟ್ರಾಫಿಕ್ ದಾಟಿಕೊಂಡು ಇಷ್ಟು ಜನ ಬಂದು ಕೂತಿದ್ದೀರಿ ಅಂದ್ರೆ ಮೊದಲು ಅದಕ್ಕೇ ಒಂದು ಥ್ಯಾಂಕ್ಸ್ ಹೇಳಬೇಕು.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಊರು ಧಾರವಾಡದ ಹತ್ತಿರ. ಎಂಟೆಕ್ ಮುಗಿಸಿ ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಇವತ್ತಿನ ವಿಷಯ ಮಾತ್ರ ನನ್ನ ಕ್ಷೇತ್ರದ್ದಲ್ಲ. ಹೊಸದಾಗಿ ವಕೀಲರಾದವರು ಬೇರೆ ದೇಶಕ್ಕೆ ಹೋಗಿ, ಮಾನವ ಹಕ್ಕುಗಳ ಬಗ್ಗೆ ಜನರ ನಡುವೆ ಕೂತು ಕೆಲಸ ಮಾಡೋದಕ್ಕೆ ಸಿಗುವ ಫೆಲೋಶಿಪ್‌ಗಳ ಬಗ್ಗೆ ಮಾತಾಡ್ತೀನಿ. ಇದನ್ನ ನಾನು ಓದಿ ಕಲಿತಿದ್ದಲ್ಲ, ಮನೆಯಲ್ಲಿ ಜಗಳ ಆಡಿ ಕಲಿತಿದ್ದು.

ಕಥೆ ಇಷ್ಟೇ. ನನ್ನ ತಂಗಿ ಧಾರವಾಡದಲ್ಲಿ ಐದು ವರ್ಷದ ಲಾ ಮುಗಿಸಿ, ಎರಡು ವರ್ಷ ಅಲ್ಲೇ ಜೂನಿಯರ್ ಆಗಿ ಪ್ರಾಕ್ಟೀಸ್ ಮಾಡಿ, ಅಮೆರಿಕದ ಒಂದು ಯೂನಿವರ್ಸಿಟಿಗೆ ಎಲ್‌ಎಲ್‌ಎಂ ಮಾಡೋಕೆ ಹೋದಳು. 40 ಲಕ್ಷ ಸಾಲ. ಅಪ್ಪ ರಿಟೈರ್ಡ್ ಮಾಸ್ತರು, ಮನೆ ಅಡ ಇಟ್ಟರು. ನಾನು ಕೋ-ಅಪ್ಲಿಕೆಂಟ್. ಕೋರ್ಸ್ ಮುಗಿಯುವ ಹೊತ್ತಿಗೆ ಅವಳ ಕೈಲಿ ಎರಡು ಪತ್ರ ಇದ್ದವು. ಒಂದು ಮುಂಬೈಯ ಲಾ ಫರ್ಮ್‌ನದು, ಒಳ್ಳೇ ಸಂಬಳ. ಇನ್ನೊಂದು ಅವಳ ಯೂನಿವರ್ಸಿಟಿಯದೇ ಫೆಲೋಶಿಪ್, ಒಂದು ವರ್ಷ, ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನಲ್ಲಿ. ಅಲ್ಲಿನ ಒಂದು ಸಂಸ್ಥೆಯ ಜೊತೆ, ಜಾಗ ಕಳಕೊಂಡವರ ಕೇಸುಗಳ ಮೇಲೆ ಕೆಲಸ.

ಅವ್ವ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದಳು. "ಅಕಿ ನಿನ್ನ ಮಾತು ಕೇಳ್ತಾಳ. ಈ ಹುಚ್ಚಾಟ ಬ್ಯಾಡ ಅಂತ ಹೇಳು. ಕೋರ್ಟು ಇಲ್ಲಿಲ್ಲೇನು? ಧಾರವಾಡದಾಗ ಹೈಕೋರ್ಟ್ ಬೆಂಚ್ ಐತಿ, ಅಲ್ಲಿ ವಾದ ಮಾಡಾಕ ಏನಾಗೇತಿ?"

ನಾನು ಎಂಜಿನಿಯರ್ ಅಲ್ವಾ, ಎಕ್ಸೆಲ್ ತೆಗೆದೆ.

ಎಕ್ಸೆಲ್ ಶೀಟ್ ಹೇಳಿದ್ದು

40 ಲಕ್ಷ, 10.5% ಬಡ್ಡಿ, 10 ವರ್ಷ. ಇಎಂಐ ಸುಮಾರು 54 ಸಾವಿರ. ಕೋರ್ಸ್ ಮೇ ತಿಂಗಳಲ್ಲಿ ಮುಗೀತು, ಇಎಂಐ ಡಿಸೆಂಬರ್‌ನಿಂದ ಶುರು. ಫೆಲೋಶಿಪ್ ಸೆಪ್ಟೆಂಬರ್‌ನಿಂದ ಆಗಸ್ಟ್. ಅಂದ್ರೆ ಫೆಲೋಶಿಪ್ ಅವಧಿಯಲ್ಲೇ ಒಂಬತ್ತು ಇಎಂಐ, 4 ಲಕ್ಷ 86 ಸಾವಿರ. ಅವಳಿಗೆ ಬರುವ ಸ್ಟೈಪೆಂಡ್ ನೋಮ್ ಪೆನ್‌ನಲ್ಲಿ ಬಾಡಿಗೆ, ಊಟ, ಓಡಾಟಕ್ಕೆ ಸಾಕಾಗುತ್ತೆ. ಸಾಲಕ್ಕೆ ಸಾಕಾಗಲ್ಲ. ಇನ್ನೊಂದು ಕಾಲಂನಲ್ಲಿ ಮುಂಬೈ ಸಂಬಳ ಹಾಕಿದೆ. ಎರಡರ ನಡುವಿನ ಅಂತರವನ್ನ ಕೆಂಪು ಬಣ್ಣದಲ್ಲಿ ತೋರಿಸಿ, ಶೀಟನ್ನ ತಂಗಿಗೆ ಕಳಿಸಿದೆ.

ಅವಳು ಒಂದೇ ಮಾತು ಹೇಳಿದಳು. "ಅಣ್ಣಾ, ಲೆಕ್ಕಾ ಹಾಕು. ಬ್ಯಾಡ ಅನ್ನಂಗಿಲ್ಲ. ಆದ್ರ ಪೂರಾ ಹಾಕು. ಆ ಕೆಲಸ ಏನು ಅಂತ ಒಂದ್ ಸಲ ತಿಳ್ಕೊಂಡು, ಆಮೇಲೆ ಹಾಕು."

ಸರಿ ಅಂತ ಮೂರು ವಾರ ಓದಿದೆ. ಅವಳ ಪ್ರೊಫೆಸರ್ ಜೊತೆ ಒಂದು ಕಾಲ್‌ನಲ್ಲೂ ಮಾತಾಡಿದೆ. ಆವಾಗ ತಿಳಿದದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಫೆಲೋಶಿಪ್ ಅಂದ್ರೆ ಸ್ಕಾಲರ್‌ಶಿಪ್ ಅಲ್ಲ

ಮೊದಲು ನಾನು ಮಾಡಿದ ತಪ್ಪು ಇದೇ. ಇದೂ ಒಂದು ಸ್ಕಾಲರ್‌ಶಿಪ್, ಇನ್ನೊಂದು ವರ್ಷ ಓದೋದಕ್ಕೆ ನೆಪ ಅಂದ್ಕೊಂಡಿದ್ದೆ. ಅಲ್ಲ. ಚೀವ್ನಿಂಗ್, ಫುಲ್‌ಬ್ರೈಟ್-ನೆಹರೂ ಇವೆಲ್ಲ ಓದೋಕೆ ದುಡ್ಡು ಕೊಡ್ತವೆ. ನಾನು ಹೇಳ್ತಿರೋದು ಓದಿ ಮುಗಿದ ಮೇಲಿನ ಕೆಲಸದ ವರ್ಷ.

ಇದರಲ್ಲಿ ಮೂರು ಪಾರ್ಟಿ ಇರ್ತವೆ. ದುಡ್ಡು ಕೊಡೋರು ಒಬ್ಬರು, ಹೆಚ್ಚಾಗಿ ಒಂದು ಲಾ ಸ್ಕೂಲ್ ಅಥವಾ ಟ್ರಸ್ಟ್. ಕೆಲಸ ಕೊಡೋರು ಇನ್ನೊಬ್ಬರು, ಆ ದೇಶದಲ್ಲಿರೋ ಸಂಸ್ಥೆ. ಮಧ್ಯದಲ್ಲಿ ಆ ಹೊಸ ವಕೀಲ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಆನ್‌ಸೈಟ್ ಇದ್ದ ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಕ್ಲೈಂಟ್ ಬಿಲ್ ಕಟ್ಟಲ್ಲ. ಅರ್ಜಿ ಹಾಕುವಾಗಲೇ "ನಾನು ಹೋಗಿ ಈ ಕೆಲಸ ಮಾಡ್ತೀನಿ" ಅಂತ ಪ್ರಪೋಸಲ್ ಬರೀಬೇಕು, "ಹೌದು, ಇವರನ್ನ ನಾವು ತಗೊಳ್ತೀವಿ" ಅಂತ ಆ ಸಂಸ್ಥೆಯಿಂದ ಪತ್ರ ತರಬೇಕು.

ಹೆಸರಾದವು ಕೆಲವು ಇವೆ. ಯೇಲ್ ಲಾ ಸ್ಕೂಲ್‌ನಲ್ಲಿ 1997ರಿಂದ ಬರ್ನ್‌ಸ್ಟೀನ್ ಫೆಲೋಶಿಪ್ ಇದೆ. ರಾಬರ್ಟ್ ಬರ್ನ್‌ಸ್ಟೀನ್ ರ‍್ಯಾಂಡಮ್ ಹೌಸ್ ಪ್ರಕಾಶನದ ಮುಖ್ಯಸ್ಥರಾಗಿದ್ದವರು. 1978ರಲ್ಲಿ ಹೆಲ್ಸಿಂಕಿ ವಾಚ್ ಅಂತ ಶುರುವಾಗಿ ಆಮೇಲೆ ಹ್ಯೂಮನ್ ರೈಟ್ಸ್ ವಾಚ್ ಆದ ಸಂಸ್ಥೆಯನ್ನ ಕಟ್ಟಿದವರೂ ಅವರೇ. ಹಾರ್ವರ್ಡ್‌ನಲ್ಲಿ ಸ್ಯಾಟರ್ ಫೆಲೋಶಿಪ್ ಇದೆ, ದೊಡ್ಡ ಪ್ರಮಾಣದ ದೌರ್ಜನ್ಯಗಳು ನಡೆದ ಕಡೆ ಕೆಲಸ ಮಾಡೋರಿಗೆ. ಹ್ಯೂಮನ್ ರೈಟ್ಸ್ ವಾಚ್ ಕೂಡ ಹೊಸದಾಗಿ ಪದವಿ ಮುಗಿಸಿದವರನ್ನ ಒಂದು ವರ್ಷಕ್ಕೆ ತಗೊಳ್ಳುತ್ತೆ.

ಇವು ಯಾಕೆ ಹುಟ್ಟಿದವು? ಕಾರಣ ನಮಗೂ ಗೊತ್ತಿರೋದೇ. ಮಾನವ ಹಕ್ಕು ಸಂಸ್ಥೆಗಳು ಕೆಲಸಕ್ಕೆ ಕರೆಯುವಾಗ "ಎರಡು ಮೂರು ವರ್ಷ ಫೀಲ್ಡ್ ಅನುಭವ ಬೇಕು" ಅಂತ ಬರೀತವೆ. ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ. ಫ್ರೆಶರ್ ಆಗಿದ್ದಾಗ ನಾವೆಲ್ಲ ಬೈಕೊಂಡ ವಿಷಯ. ಆದ್ರೆ ನಮಗೆ ಕ್ಯಾಂಪಸ್ ಇತ್ತು, ಬೆಂಚ್ ಇತ್ತು, ಆರು ತಿಂಗಳು ಟ್ರೇನಿಂಗ್ ಇತ್ತು. ಅವರಿಗೆ ಅದ್ಯಾವುದೂ ಇಲ್ಲ. ಇನ್ನೊಂದು ಕಾರಣ ಸಾಲ. ಅಮೆರಿಕದ ದೊಡ್ಡ ಲಾ ಸ್ಕೂಲ್‌ಗಳಲ್ಲಿ ಒಂದು ವರ್ಷದ ಟ್ಯೂಷನ್ ಫೀಯೇ 70 ಸಾವಿರ ಡಾಲರ್ ದಾಟುತ್ತೆ. ಅಷ್ಟು ಸಾಲ ಹೊತ್ತವರು ಯಾರೂ ಕಡಿಮೆ ಸಂಬಳದ ಕೆಲಸಕ್ಕೆ ಹೋಗಲ್ಲ ಅಂತ ಆ ಕಾಲೇಜುಗಳಿಗೂ ಗೊತ್ತಿತ್ತು. ಹಾರ್ವರ್ಡ್ ಲಾ ಸ್ಕೂಲ್ 1978ರಲ್ಲೇ, ಕಡಿಮೆ ಸಂಬಳದ ಕೆಲಸಕ್ಕೆ ಹೋಗುವ ತನ್ನ ಪದವೀಧರರ ಸಾಲ ತೀರಿಸೋದಕ್ಕೆ ನೆರವು ಕೊಡುವ ಯೋಜನೆ ಶುರು ಮಾಡಿತು. ನಮ್ಮ ಮನೆಯ ಸಾಲ ಭಾರತದ ಸಾಲ, ಇಂಥ ನೆರವು ಅದಕ್ಕೆ ಇರಲಿಲ್ಲ. ಕಾಲೇಜಿನ ಜಾಗದಲ್ಲಿ ಅಣ್ಣ ಇದ್ದ, ಅಷ್ಟೇ.

ಕಾಂಬೋಡಿಯಾ ಯಾಕೆ

"ಕಾಂಬೋಡಿಯಾದಾಗ ಏನೈತಿ?" ಅಂತ ಅಪ್ಪ ಕೇಳಿದರು. ಅಂಗ್ಕೋರ್ ವಾಟ್ ಬಿಟ್ಟರೆ ನನಗೂ ಏನೂ ಗೊತ್ತಿರಲಿಲ್ಲ.

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ನೋಮ್ ಪೆನ್ ಹಿಡಿಯಿತು. 1979ರ ಜನವರಿ 7ರಂದು ಅವರ ಆಡಳಿತ ಮುಗೀತು. ಮೂರು ವರ್ಷ ಎಂಟು ತಿಂಗಳು ಚಿಲ್ಲರೆ. ಅಷ್ಟರಲ್ಲಿ ಸುಮಾರು 17 ಲಕ್ಷ ಜನ ಸತ್ತರು, ಕೊಲೆಯಿಂದ, ಹಸಿವಿನಿಂದ, ಜೀತದಿಂದ. ಪಟ್ಟಣಗಳನ್ನ ಖಾಲಿ ಮಾಡಿಸಿದರು. ಓದಿದವರನ್ನ ಹುಡುಕಿ ಕೊಂದರು. ಆ ದೇಶದಲ್ಲಿ ಉಳಿದ ವಕೀಲರು ಬೆರಳೆಣಿಕೆ. ಜೊತೆಗೆ ಖಾಸಗಿ ಆಸ್ತಿಯನ್ನೇ ರದ್ದು ಮಾಡಿ, ಜಮೀನಿನ ದಾಖಲೆಗಳನ್ನ ನಾಶ ಮಾಡಿದರು.

ಇದನ್ನ ಕೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಾದರು. ನಮ್ಮ ಹೊಲದ ಪಹಣಿಯಲ್ಲಿ ಒಂದು ಹೆಸರು ತಪ್ಪಾಗಿತ್ತು ಅಂತ ತಹಶೀಲ್ದಾರ್ ಆಫೀಸಿಗೆ ಎರಡು ವರ್ಷ ಅಲೆದವರು ಅವರು. ಕರ್ನಾಟಕದಲ್ಲಿ ಭೂಮಿ ಯೋಜನೆಯಡಿ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರ್‌ಗೆ ಹೋದವು, ಆದರೂ ಅಲೆದಾಟ ತಪ್ಪಲಿಲ್ಲ. ಇಡೀ ದೇಶದಲ್ಲಿ ಒಂದು ಪಹಣಿಯೂ ಇಲ್ಲ ಅಂದ್ರೆ? ಯುದ್ಧ ಮುಗಿದ ಮೇಲೆ ವಾಪಸ್ ಬಂದವರು ಖಾಲಿ ಕಂಡಲ್ಲಿ ಗುಡಿಸಲು ಹಾಕಿಕೊಂಡರು. 2001ರ ಜಮೀನು ಕಾನೂನು, ಅದಕ್ಕೂ ಮೊದಲು ಐದು ವರ್ಷ ತಕರಾರಿಲ್ಲದೆ ಇದ್ದವರು ಹಕ್ಕುಪತ್ರ ಕೇಳಬಹುದು ಅಂತ ಹೇಳಿತು. ಕಾಗದದ ಮೇಲೆ ನ್ಯಾಯ. ಆದರೆ ಊರು ಬೆಳೀತಾ ಹೋದ ಹಾಗೆ ಆ ಜಾಗಗಳಿಗೆ ಬೆಲೆ ಬಂತು.

ನೋಮ್ ಪೆನ್ ಮಧ್ಯದಲ್ಲಿ ಬುಂಗ್ ಕಾಕ್ ಅಂತ ಒಂದು ಕೆರೆ ಇತ್ತು. ಇತ್ತು ಅಂತಲೇ ಹೇಳಬೇಕು. 2007ರಲ್ಲಿ ಕೆರೆ ಮತ್ತು ಸುತ್ತಲಿನ 133 ಹೆಕ್ಟೇರ್ ಜಾಗವನ್ನ 99 ವರ್ಷಕ್ಕೆ ಒಂದು ಕಂಪನಿಗೆ ಗುತ್ತಿಗೆ ಕೊಟ್ಟರು. ಆಡಳಿತ ಪಕ್ಷದ ಸೆನೆಟರ್ ಒಬ್ಬರ ನಂಟಿನ ಕಂಪನಿ ಅದು. 2008ರಲ್ಲಿ ಕೆರೆಗೆ ಮರಳು ಪಂಪ್ ಮಾಡೋಕೆ ಶುರು ಮಾಡಿದರು. ಸುಮಾರು 4,000 ಕುಟುಂಬಗಳು ಜಾಗ ಬಿಡಬೇಕಾದ ಸ್ಥಿತಿ. ಬೆಂಗಳೂರಲ್ಲಿ ಕೆಲಸ ಮಾಡಿ ಬಂದವರಿಗೆ ಕೆರೆ ಮುಚ್ಚೋದು ಅಂದ್ರೆ ಏನು ಅಂತ ನಾನು ವಿವರಿಸಬೇಕಾಗಿಲ್ಲ.

ಇಲ್ಲಿ ವಕೀಲರ ಕೆಲಸ ಹೇಗೆ ಬಂತು ನೋಡಿ. 2002ರಿಂದ ವಿಶ್ವಬ್ಯಾಂಕ್ ದುಡ್ಡಿನಲ್ಲಿ ಕಾಂಬೋಡಿಯಾದಲ್ಲಿ ಹಕ್ಕುಪತ್ರ ಕೊಡುವ ಯೋಜನೆ ನಡೀತಿತ್ತು. ಅದು ಬುಂಗ್ ಕಾಕ್ ಇರುವ ಪ್ರದೇಶಕ್ಕೂ ಬಂತು. ಆದರೆ ಕೆರೆಯ ಜನರಿಗೆ ಹಕ್ಕುಪತ್ರ ಸಿಗಲಿಲ್ಲ. ಸ್ಥಳೀಯ ಕೋರ್ಟಿನಲ್ಲಿ ದಾರಿ ಕಾಣದಾಗ, ಜನರ ಜೊತೆ ಕೆಲಸ ಮಾಡ್ತಿದ್ದ ವಕೀಲರು ಇನ್ನೊಂದು ಬಾಗಿಲು ಹುಡುಕಿದರು. ವಿಶ್ವಬ್ಯಾಂಕ್‌ನ ಒಳಗೇ ಇನ್‌ಸ್ಪೆಕ್ಷನ್ ಪ್ಯಾನೆಲ್ ಅಂತ ಒಂದಿದೆ. ಬ್ಯಾಂಕ್ ತನ್ನದೇ ನಿಯಮ ಮುರಿದು ಜನರಿಗೆ ತೊಂದರೆ ಆದರೆ ಅಲ್ಲಿ ದೂರು ಕೊಡಬಹುದು. 2009ರಲ್ಲಿ ನಿವಾಸಿಗಳ ಪರವಾಗಿ ದೂರು ಹೋಯ್ತು. ಮನೆ ಮನೆಗೆ ಹೋಗಿ, ಯಾರು ಯಾವಾಗಿಂದ ಇದ್ದಾರೆ, ಕೈಲಿ ಯಾವ ಚೀಟಿ ಇದೆ, ಹಕ್ಕುಪತ್ರ ಕೇಳಿದಾಗ ಯಾರು ಏನು ಹೇಳಿದರು ಅಂತೆಲ್ಲ ಕೂಡಿಹಾಕದಿದ್ದರೆ ಇಂಥ ದೂರು ನಿಲ್ಲೋದೇ ಇಲ್ಲ. 2011ರ ಆಗಸ್ಟ್‌ನಲ್ಲಿ ವಿಶ್ವಬ್ಯಾಂಕ್ ಕಾಂಬೋಡಿಯಾಕ್ಕೆ ಹೊಸ ಸಾಲ ನಿಲ್ಲಿಸಿದೆ ಅಂತ ಬಹಿರಂಗವಾಗಿ ಹೇಳಿತು. ಅದೇ ತಿಂಗಳು ಅಲ್ಲಿನ ಸರ್ಕಾರ, ಇನ್ನೂ ಜಾಗ ಬಿಡದೆ ಉಳಿದಿದ್ದ ಕುಟುಂಬಗಳಿಗೆ 12.44 ಹೆಕ್ಟೇರ್ ಬಿಟ್ಟುಕೊಟ್ಟಿತು.

ಇದನ್ನ ಗೆಲುವು ಅಂತ ನಿಲ್ಲಿಸಿಬಿಡಬೇಡಿ. ಬಹುಪಾಲು ಕುಟುಂಬಗಳು ಆ ಹೊತ್ತಿಗೆ ಹೋಗಿಯಾಗಿತ್ತು. ಉಳಿದವರಲ್ಲೂ ಕೆಲವರನ್ನ ಆ ಪಟ್ಟಿಯಿಂದ ಹೊರಗಿಟ್ಟರು. 2012ರ ಮೇ ತಿಂಗಳಲ್ಲಿ ಪ್ರತಿಭಟಿಸಿದ 13 ಹೆಂಗಸರನ್ನ ಜೈಲಿಗೆ ಹಾಕಿದರು. ಅವರ ನಾಯಕಿ ಟೆಪ್ ವನ್ನಿ 2016ರ ಆಗಸ್ಟ್‌ನಲ್ಲಿ ಮತ್ತೆ ಬಂಧನಕ್ಕೊಳಗಾಗಿ, 2018ರ ಆಗಸ್ಟ್‌ನಲ್ಲಿ ರಾಜನ ಕ್ಷಮಾದಾನದಿಂದ ಹೊರಗೆ ಬಂದರು. ಹೊರಗಿನಿಂದ ಬಂದ ವಕೀಲ ವರ್ಷ ಮುಗಿದ ಮೇಲೆ ವಿಮಾನ ಹತ್ತಬಹುದು. ಜೈಲಿಗೆ ಹೋದವರು ಊರಿನವರು. ಈ ಮಾತಿಗೆ ಮತ್ತೆ ಬರ್ತೀನಿ.

ದಿನಾ ಏನು ಕೆಲಸ

ತಂಗಿ ಅಲ್ಲಿಗೆ ಹೋದ ಮೇಲೆ ನಾನು ಮೊದಲು ಕೇಳಿದ ಪ್ರಶ್ನೆ, "ಕೋರ್ಟಿಗೆ ಹೋಗ್ತೀಯಾ?" ಇಲ್ಲ. ಬೇರೆ ದೇಶದ ವಕೀಲರು ಅಲ್ಲಿನ ಕೋರ್ಟಿನಲ್ಲಿ ನಿಂತು ವಾದ ಮಾಡೋದಿಲ್ಲ. ನಮ್ಮಲ್ಲೂ ಅಷ್ಟೇ, 2018ರಲ್ಲಿ ಸುಪ್ರೀಂ ಕೋರ್ಟ್ ಎ.ಕೆ. ಬಾಲಾಜಿ ಕೇಸಿನಲ್ಲಿ ವಿದೇಶಿ ವಕೀಲರು ಇಲ್ಲಿ ವಕೀಲಿ ವೃತ್ತಿ ಮಾಡುವಂತಿಲ್ಲ ಅಂತ ಹೇಳಿತು. ಹಾಗಾದ್ರೆ ಕೆಲಸ? ಕೇಳೋದು, ಬರೆಯೋದು, ಹೊಂದಿಸೋದು.

ಕೇಳೋದು ಅಂದ್ರೆ ನಾನು ಸುಲಭ ಅಂದ್ಕೊಂಡಿದ್ದೆ. ಅವಳು ವಿವರಿಸಿದ್ದು ಹೀಗೆ. "ಪೊಲೀಸರು ನಿಮ್ಮನ್ನ ಹೊಡೆದರಾ?" ಅಂತ ಕೇಳಬಾರದು. ಉತ್ತರ ಪ್ರಶ್ನೆಯ ಒಳಗೇ ಕೂತುಬಿಡುತ್ತೆ. "ಆ ದಿನ ಬೆಳಿಗ್ಗೆ ಎಲ್ಲಿದ್ರಿ? ಆಮೇಲೆ ಏನಾಯ್ತು?" ಅಂತ ಕೇಳಬೇಕು. ಒಬ್ಬರ ಹತ್ತಿರ ಮಾತಾಡುವಾಗ ಇನ್ನೊಬ್ಬರು ಕೇಳಿಸಿಕೊಳ್ಳಬಾರದು, ಇಲ್ಲದಿದ್ರೆ ಎರಡು ನೆನಪು ಒಂದಾಗಿಬಿಡುತ್ತೆ. ಖ್ಮೇರ್ ಭಾಷೆಯ ದುಭಾಷಿ ತನ್ನ ಮಾತು ಸೇರಿಸಬಾರದು, ಬಿಡಬಾರದು. ಮಾತಾಡಿದ್ದಕ್ಕೆ ದುಡ್ಡು ಕೊಡುವಂತಿಲ್ಲ. "ನಿಮಗೆ ಜಾಗ ವಾಪಸ್ ಸಿಗುತ್ತೆ" ಅಂತ ಮಾತು ಕೊಡುವಂತಿಲ್ಲ. ಒಪ್ಪಿಗೆ ಅಂದ್ರೆ ಒಂದು ಸಹಿ ಅಲ್ಲ. ಇದನ್ನ ನಮ್ಮ ಆಫೀಸಿನೊಳಗೆ ಮಾತ್ರ ಇಡಬಹುದಾ, ಹೆಸರಿಲ್ಲದೆ ಬರೆಯಬಹುದಾ, ಹೆಸರು ಹಾಕಿ ದೂರಿಗೆ ಸೇರಿಸಬಹುದಾ, ಇವನ್ನೆಲ್ಲ ಬೇರೆ ಬೇರೆಯಾಗಿ ಕೇಳಬೇಕು. ನಾಳೆ ಮನಸ್ಸು ಬದಲಾದರೆ ಹಿಂದೆ ತಗೊಳ್ಳಬಹುದು ಅಂತಲೂ ಹೇಳಬೇಕು.

ಇದಕ್ಕೆಲ್ಲ ಲಿಖಿತ ಮಾರ್ಗಸೂಚಿಗಳಿವೆ. ಚಿತ್ರಹಿಂಸೆಯನ್ನ ದಾಖಲಿಸೋದಕ್ಕೆ 1999ರ ಇಸ್ತಾಂಬುಲ್ ಪ್ರೋಟೋಕಾಲ್. ಅನುಮಾನಾಸ್ಪದ ಸಾವುಗಳ ತನಿಖೆಗೆ ಮಿನ್ನೆಸೋಟ ಪ್ರೋಟೋಕಾಲ್. ನಮಗೆ ಹತ್ತಿರದ್ದು 2020ರಲ್ಲಿ ಬಂದ ಬರ್ಕ್ಲಿ ಪ್ರೋಟೋಕಾಲ್. ಇಂಟರ್ನೆಟ್‌ನಲ್ಲಿ ಸಿಗುವ ವಿಡಿಯೊ, ಫೋಟೋ, ಪೋಸ್ಟ್‌ಗಳನ್ನ ಸಾಕ್ಷಿಯಾಗಿ ಬಳಸೋದು ಹೇಗೆ ಅನ್ನೋದು ಅದರ ವಿಷಯ. ಹ್ಯಾಶ್ ತೆಗೆಯೋದು, ಮೂಲ ಫೈಲ್ ಮುಟ್ಟದೆ ಇಡೋದು, ಯಾರು ಯಾವಾಗ ತೆರೆದರು ಅಂತ ಲಾಗ್ ಇಡೋದು. ಓದಿದಾಗ ನನಗೆ ನಮ್ಮ ಆಡಿಟ್ ಟ್ರೇಲ್ ಡಾಕ್ಯುಮೆಂಟ್ ಓದಿದ ಹಾಗೇ ಆಯ್ತು.

ಎಂಜಿನಿಯರ್‌ಗೆ ಆದ ಪಾಠ

ಇಲ್ಲಿ ನನ್ನದೊಂದು ತಪ್ಪು ಹೇಳ್ಕೊಬೇಕು. ಜನವರಿಯಲ್ಲಿ ಐದು ದಿನ ರಜೆ ಹಾಕಿ ಅವಳನ್ನ ನೋಡೋಕೆ ಹೋದೆ. ಅವಳ ಆಫೀಸ್ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆದೆ. ಅವ್ವ ನೋಡಿ ಖುಷಿ ಪಡಲಿ ಅಂತ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕ್ವಾಲಿಟಿ ಕಡಿಮೆ ಆಗಬಾರದು ಅಂತ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿದೆ. ಗ್ರೂಪಿನಲ್ಲಿ 46 ಜನ. ದೊಡ್ಡಪ್ಪ ಅದನ್ನ ಇನ್ನೆರಡು ಗ್ರೂಪಿಗೆ ಫಾರ್ವರ್ಡ್ ಮಾಡಿ, "ನಮ್ಮ ಹುಡುಗಿ ಇಂಟರ್‌ನ್ಯಾಷನಲ್ ಲಾಯರ್" ಅಂತ ಬರೆದರು.

ಹತ್ತು ನಿಮಿಷಕ್ಕೆ ತಂಗಿ ಫೋನ್ ಹಿಡಿದುಕೊಂಡು ಬಂದಳು. ಅವಳ ಮುಖ ಅಷ್ಟು ಬಿಳಿಚಿಕೊಂಡಿದ್ದು ನಾನು ಯಾವತ್ತೂ ನೋಡಿರಲಿಲ್ಲ. ಫೋಟೋದಲ್ಲಿ ಹಿಂದೆ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಅವತ್ತು ಹೇಳಿಕೆ ಕೊಡೋಕೆ ಬಂದವರು. ತಾನು ಆ ಆಫೀಸಿಗೆ ಬಂದಿದ್ದು ಓಣಿಯಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಕೇಳಿಕೊಂಡಿದ್ದವರು. ಡಾಕ್ಯುಮೆಂಟ್ ಆಗಿ ಕಳಿಸಿದ್ದಕ್ಕೆ ಫೈಲ್ ಒಳಗೆ ದಿನಾಂಕ, ಗಂಟೆ, ಜಾಗದ ಅಕ್ಷಾಂಶ ರೇಖಾಂಶ ಎಲ್ಲ ಹಾಗೇ ಇತ್ತು. ಎಂಟೆಕ್ ಮಾಡಿದವನು ನಾನು. ಮೆಟಾಡೇಟಾ ಅಂದ್ರೆ ಏನು ಅಂತ ಇಂಟರ್‌ವ್ಯೂನಲ್ಲಿ ಬೇರೆಯವರಿಗೆ ಕೇಳೋನು ನಾನು.

"ಅಣ್ಣಾ, ಅವರು ನನ್ನ ಮ್ಯಾಲೆ ಭರೋಸಾ ಇಟ್ಟು ಬಂದಾರ. ನಿನ್ನ ಫೋಟೋ ಚಂದ ಬರಲಿ ಅಂತ ಬಂದಿಲ್ಲ."

ಅವತ್ತು ರಾತ್ರಿ ಒಬ್ಬೊಬ್ಬರಿಗೂ ಫೋನ್ ಮಾಡಿ ಡಿಲೀಟ್ ಮಾಡಿಸಿದೆ. ದೊಡ್ಡಪ್ಪನಿಗೆ ಸಿಟ್ಟು ಬಂತು. ತಂಗಿ ತನ್ನ ಮೇಲಿನವರಿಗೆ ಆದದ್ದನ್ನ ಹೇಳಿದಳು, ಆ ಹೆಂಗಸಿಗೂ ದುಭಾಷಿ ಮೂಲಕ ಹೇಳಿದರು. ಅವರ ಕಣ್ಣು ತಪ್ಪಿಸಬಾರದು ಅಂತ ಅವರಲ್ಲಿ ನಿಯಮ ಇದೆ. ಆ ಹೆಂಗಸು ಹೇಳಿಕೆಯನ್ನ ವಾಪಸ್ ತಗೊಂಡರು. ಅವರ ಕೇಸಿನ ಒಂದು ತುಂಡು ನನ್ನಿಂದ ಹೋಯ್ತು. ಇದನ್ನ ನಾನು ಎಕ್ಸೆಲ್‌ನ ಯಾವ ಕಾಲಂಗೆ ಹಾಕಲಿ?

ಒಂದು ವರ್ಷ ಸಾಕಾ?

ಈ ಫೆಲೋಶಿಪ್‌ಗಳ ಮೇಲೆ ಟೀಕೆ ಇದೆ, ಅದು ನ್ಯಾಯವಾದದ್ದು ಅಂತಲೇ ನನಗನಿಸುತ್ತೆ. ಕೀನ್ಯಾ ಮೂಲದ ಕಾನೂನು ಪ್ರಾಧ್ಯಾಪಕ ಮಕಾವು ಮುಟುವಾ 2001ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದಲ್ಲಿ, ಮಾನವ ಹಕ್ಕುಗಳ ಕಥೆ ಯಾವಾಗಲೂ ಮೂರು ಪಾತ್ರಗಳಲ್ಲಿ ನಡೆಯುತ್ತೆ ಅಂತ ತೋರಿಸಿದರು. ಕ್ರೂರಿ ಒಬ್ಬ, ಬಲಿಪಶು ಒಬ್ಬ, ಹೊರಗಿನಿಂದ ಬರುವ ರಕ್ಷಕ ಒಬ್ಬ. ಫೆಲೋ ಆಗಿ ಹೋದವರು ಆ ಮೂರನೇ ಪಾತ್ರ ಹಾಕಿಕೊಳ್ಳೋದು ಸುಲಭ. ಭಾಷೆ ಬರಲ್ಲ, ಊರು ಗೊತ್ತಿಲ್ಲ, ಕಲಿಯೋ ಹೊತ್ತಿಗೆ ವರ್ಷ ಮುಗಿದಿರುತ್ತೆ. ಸಿವಿಯಲ್ಲಿ ಒಂದು ಸಾಲು ಉಳಿಯುತ್ತೆ.

ಆದರೆ ಒಳ್ಳೆಯ ಕಡೆ ಇದು ಬೇರೆ ಥರ ನಡೆದಿದೆ. ಕಾಂಬೋಡಿಯಾದ್ದೇ ಉದಾಹರಣೆ ತಗೊಳ್ಳಿ. ಡಾಕ್ಯುಮೆಂಟೇಶನ್ ಸೆಂಟರ್ ಆಫ್ ಕಾಂಬೋಡಿಯಾ 1995ರಲ್ಲಿ ಯೇಲ್ ಯೂನಿವರ್ಸಿಟಿಯ ಒಂದು ಫೀಲ್ಡ್ ಆಫೀಸ್ ಆಗಿ ಶುರುವಾಯ್ತು. ಎರಡು ವರ್ಷಕ್ಕೆ ಸ್ವತಂತ್ರ ಸಂಸ್ಥೆ ಆಯ್ತು. ನಡೆಸೋರು ಯೂಕ್ ಚಾಂಗ್, ಸ್ವತಃ ಖ್ಮೇರ್ ರೂಜ್ ಕಾಲದಲ್ಲಿ ಬದುಕುಳಿದವರು. ಅವರ ತಂಡ ದೇಶಾದ್ಯಂತ ಸುತ್ತಿ ಸುಮಾರು 20 ಸಾವಿರ ಸಾಮೂಹಿಕ ಸಮಾಧಿ ಗುಂಡಿಗಳನ್ನ, 196 ಜೈಲುಗಳನ್ನ ಗುರುತಿಸಿತು. ಲಕ್ಷಾಂತರ ಪುಟ ದಾಖಲೆ ಕೂಡಿಸಿತು. ಬೇರೆ ದೇಶಗಳ ಕಾನೂನು ವಿದ್ಯಾರ್ಥಿಗಳು ಅಲ್ಲಿಗೆ ಬಂದು ಅವರ ಕೈಕೆಳಗೆ ಕೆಲಸ ಮಾಡಿ ಹೋದರು. ಯಜಮಾನಿಕೆ ಊರಿನವರದು, ಬಂದವರು ಕೈ ಜೋಡಿಸಿದವರು. ಯೂಕ್ ಚಾಂಗ್ ಅವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂದದ್ದೂ ಅದೇ ಪ್ರಶಸ್ತಿ.

ಆ ದಾಖಲೆಗಳು ಏನಾದವು? 2006ರಲ್ಲಿ ವಿಶ್ವಸಂಸ್ಥೆಯ ನೆರವಿನ ವಿಶೇಷ ನ್ಯಾಯಾಲಯ ನೋಮ್ ಪೆನ್‌ನಲ್ಲಿ ಕೆಲಸ ಶುರು ಮಾಡಿತು. ಕೊನೆಯ ಮೇಲ್ಮನವಿಯ ತೀರ್ಪು ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಹದಿನಾರು ವರ್ಷದಲ್ಲಿ ಶಿಕ್ಷೆ ಆದದ್ದು ಮೂರು ಜನಕ್ಕೆ. ನಮ್ಮ ಲೆಕ್ಕದಲ್ಲಿ ಇದು ಫೇಲ್ ಆದ ಪ್ರಾಜೆಕ್ಟ್. ಆದರೆ ಆ ದೇಶದಲ್ಲಿ ಇವತ್ತು ಯಾರಾದರೂ "ಹಾಗೇನೂ ನಡೆದೇ ಇಲ್ಲ" ಅಂದರೆ, ಅದಕ್ಕೆ ಉತ್ತರ ಕಾಗದದಲ್ಲಿದೆ.

ಇನ್ನೊಂದು ಉದಾಹರಣೆ ನಮ್ಮಂಥವರಿಗಾಗಿ. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ. ಸತ್ತವರು, ಕಾಣೆಯಾದವರು ಸೇರಿ 2 ಲಕ್ಷಕ್ಕೂ ಹೆಚ್ಚು. ಹಳ್ಳಿಗಳ ಬದುಕುಳಿದವರು ಮತ್ತು ಅವರ ವಕೀಲರು 2001ರಲ್ಲಿ ದೂರು ಕೊಟ್ಟರು. ವಿಚಾರಣೆ ನಡೆದದ್ದು 2013ರಲ್ಲಿ. ಆಗ ಪ್ಯಾಟ್ರಿಕ್ ಬಾಲ್ ಅನ್ನೋ ಸಂಖ್ಯಾಶಾಸ್ತ್ರಜ್ಞ ಸಾಕ್ಷಿ ಹೇಳಿದರು. ವರ್ಷಗಟ್ಟಲೆ ಹಳ್ಳಿಗಳಲ್ಲಿ ಕೂಡಿಸಿದ ಹೇಳಿಕೆಗಳನ್ನ ಒಂದಕ್ಕೊಂದು ಹೊಂದಿಸಿ, ಒಬ್ಬರನ್ನೇ ಎರಡು ಸಲ ಎಣಿಸದ ಹಾಗೆ ನೋಡಿ, ಲೆಕ್ಕ ಹಾಕಿದ್ದರು. ಇಕ್ಸಿಲ್ ಪ್ರದೇಶದಲ್ಲಿ 1982ರ ಏಪ್ರಿಲ್‌ನಿಂದ 1983ರ ಜುಲೈವರೆಗೆ ಸೇನೆ ಕೊಂದದ್ದು ಮೂಲನಿವಾಸಿಗಳಲ್ಲಿ 5.5%, ಉಳಿದವರಲ್ಲಿ 0.7%. ಸುಮಾರು ಎಂಟು ಪಟ್ಟು. ಆಕಸ್ಮಿಕ ಅನ್ನೋಕೆ ಆಗದ ಅಂತರ. ಮೇ 10ಕ್ಕೆ ಮಾಜಿ ಸರ್ವಾಧಿಕಾರಿ ರಿಯೋಸ್ ಮಾಂಟ್‌ಗೆ 80 ವರ್ಷ ಶಿಕ್ಷೆ ಆಯ್ತು. ಮೇ 20ಕ್ಕೆ ಸಾಂವಿಧಾನಿಕ ಕೋರ್ಟ್ ಅದನ್ನ ರದ್ದು ಮಾಡಿತು. ಮರುವಿಚಾರಣೆ ಮುಗಿಯೋ ಮೊದಲೇ, 2018ರಲ್ಲಿ ಅವರು ಸತ್ತರು.

ನಾನು ತಂಗಿಗೆ ಕೇಳಿದೆ, ಹತ್ತು ದಿನದಲ್ಲಿ ರದ್ದಾಗೋ ತೀರ್ಪಿಗೆ ಹನ್ನೆರಡು ವರ್ಷ ಯಾಕೆ ಅಂತ. ಅವಳು ಹೇಳಿದಳು, "ಆ ಹೆಣ್ಮಕ್ಕಳು ಕೋರ್ಟಿನ್ಯಾಗ ನಿಂತು ಹೇಳಿದ್ದನ್ನ ಯಾರೂ ರದ್ದು ಮಾಡಾಕ ಆಗಂಗಿಲ್ಲ ಅಣ್ಣಾ."

ನಿಮ್ಮ ಮನೆಯಲ್ಲಿ ಇಂಥ ಪತ್ರ ಬಂದರೆ

ನಿಮ್ಮ ತಂಗಿ, ನಾದಿನಿ, ಗೆಳೆಯನ ಮಗ, ಯಾರಾದರೂ ಇಂಥ ಪತ್ರ ಹಿಡಿದುಕೊಂಡು ಬಂದರೆ "ಬೇಡ" ಅನ್ನೋ ಮೊದಲು ಕೆಲವು ಪ್ರಶ್ನೆ ಕೇಳಿ. ನಾನು ಕೇಳಬೇಕಿತ್ತು, ತಡವಾಗಿ ಕೇಳಿದೆ.

ಅಲ್ಲಿ ಅವರ ಮೇಲೆ ಯಾರಿದ್ದಾರೆ? ವಾರಕ್ಕೊಮ್ಮೆ ಕೂತು ಮಾತಾಡೋ ಹಿರಿಯ ವಕೀಲರು ಇಲ್ಲದಿದ್ದರೆ ಅದು ಫೆಲೋಶಿಪ್ ಅಲ್ಲ, ಕೈಬಿಟ್ಟ ಹಾಗೆ. ಆ ಸಂಸ್ಥೆಯನ್ನ ನಡೆಸೋರು ಆ ದೇಶದವರಾ? ಆರೋಗ್ಯ ವಿಮೆ ಇದೆಯಾ, ಅಪಾಯ ಬಂದರೆ ವಾಪಸ್ ಕರೆತರುವ ಏರ್ಪಾಡು ಇದೆಯಾ, ಅದರ ಖರ್ಚು ಯಾರದು? ವೀಸಾ ಯಾವ ಥರದ್ದು, ಟೂರಿಸ್ಟ್ ವೀಸಾದಲ್ಲಿ ಹೋಗಿ ಕೆಲಸ ಮಾಡು ಅಂತಿದ್ದಾರಾ? ಆ ದೇಶದಲ್ಲಿ ಸಂಸ್ಥೆಗಳ ಮೇಲೆ ಕಾನೂನು ಎಷ್ಟು ಬಿಗಿ? ಕಾಂಬೋಡಿಯಾದಲ್ಲಿ 2015ರಲ್ಲಿ ಎನ್‌ಜಿಒಗಳ ಮೇಲೆ ಬಿಗಿ ಕಾನೂನು ಬಂತು, 2024ರಲ್ಲಿ ಮದರ್ ನೇಚರ್ ಗುಂಪಿನ ಹತ್ತು ಯುವ ಪರಿಸರ ಹೋರಾಟಗಾರರಿಗೆ ಆರರಿಂದ ಎಂಟು ವರ್ಷ ಜೈಲು ಆಯ್ತು. ಇದನ್ನ ಗೊತ್ತಿದ್ದೇ ಹೋಗಬೇಕು.

ಇನ್ನೊಂದು, ನಾವು ಕೇಳೋದೇ ಇಲ್ಲದ ಪ್ರಶ್ನೆ. ದಿನವೆಲ್ಲ ಬೇರೆಯವರ ನೋವು ಕೇಳಿ ರಾತ್ರಿ ರೂಮಿಗೆ ಹೋದ ಮೇಲೆ ಮಾತಾಡೋಕೆ ಯಾರಿದ್ದಾರೆ? ತಂಗಿ ಮೂರನೇ ತಿಂಗಳಲ್ಲಿ ನಿದ್ದೆ ಬರ್ತಿಲ್ಲ ಅಂದಳು. ಅವಳ ಫೆಲೋಶಿಪ್‌ನಲ್ಲಿ ಕೌನ್ಸೆಲರ್ ಜೊತೆ ಮಾತಾಡೋ ಅವಕಾಶ ಇತ್ತು, ಬಳಸಿಕೊಂಡಳು. ಇಲ್ಲದಿದ್ದರೆ ನಾವು ಯಾರೂ ಪುಣೆಯಲ್ಲೋ ಧಾರವಾಡದಲ್ಲೋ ಕೂತು ಏನೂ ಮಾಡೋಕಾಗ್ತಿರಲಿಲ್ಲ.

ಕೊನೆಗೆ ದುಡ್ಡು. ಇದನ್ನ ನಾಚಿಕೆ ಇಲ್ಲದೆ ಮಾತಾಡಿ. ಸಾಲ ಎಷ್ಟು, ಮೊದಲ ಇಎಂಐ ಯಾವಾಗ, ಯಾರು ಕಟ್ಟೋದು, ವಾಪಸ್ ಕೊಡೋದು ಯಾವಾಗ. ಇವನ್ನ ಮಾತಾಡದೆ ಬಿಟ್ಟರೆ ಇಂಥ ಕೆಲಸ ಯಾವಾಗಲೂ ಸಾಲ ಇಲ್ಲದ ಮನೆಯ ಮಕ್ಕಳಿಗೆ ಮಾತ್ರ ಉಳಿಯುತ್ತೆ. ಮಾಸ್ತರ ಮಗಳು ಕೇಳೋ ಪ್ರಶ್ನೆ ಬೇರೆ. ಪಹಣಿ ತಿದ್ದುಪಡಿಗೆ ಅಪ್ಪನ ಜೊತೆ ಅಲೆದವಳು ಅವಳು. ಹಕ್ಕುಪತ್ರ ಇಲ್ಲ ಅಂತ ಒಬ್ಬರು ಹೇಳಿದರೆ, ಅದರ ಮುಂದಿನ ಪ್ರಶ್ನೆ ಏನು ಅಂತ ಅವಳಿಗೆ ಗೊತ್ತು.

ನಾವು ಐಟಿಯವರು ಏನು ಮಾಡಬಹುದು ಅಂತ ಕೆಲವರು ಕೇಳ್ತೀರಿ. ವೀಕೆಂಡ್‌ನಲ್ಲಿ ಒಂದು ಆ್ಯಪ್ ಮಾಡಿಬಿಡೋಣ ಅನ್ನೋ ಆಸೆ ನನಗೂ ಬಂತು. ಬೇಡ. ಇರುವವು ಇವೆ. ಇಂಟರ್‌ನ್ಯಾಷನಲ್ ಬಾರ್ ಅಸೋಸಿಯೇಷನ್ 2015ರಲ್ಲಿ ತಂದ ಐವಿಟ್ನೆಸ್ ಆ್ಯಪ್‌ನಲ್ಲಿ ತೆಗೆದ ಫೋಟೋ, ವಿಡಿಯೊ ತಿದ್ದಿಲ್ಲ ಅಂತ ರುಜುವಾತು ಮಾಡಬಹುದು. 2018ರಲ್ಲಿ ಕಾಂಗೋದಲ್ಲಿ ಇಬ್ಬರು ಸಶಸ್ತ್ರ ಗುಂಪಿನ ಕಮಾಂಡರ್‌ಗಳಿಗೆ ಶಿಕ್ಷೆ ಆದ ಕೇಸಿನಲ್ಲಿ ಅದರ ಫೋಟೋಗಳನ್ನ ಬಳಸಿದ್ದಾರೆ. ಹ್ಯುರಿಡಾಕ್ಸ್ ಸಂಸ್ಥೆಯ ಉವಾಜಿ, ದಾಖಲೆ ಜೋಡಿಸಿಡೋ ಓಪನ್ ಸೋರ್ಸ್ ಸಾಫ್ಟ್‌ವೇರ್. ಕೋಡ್ ಬರೆಯೋ ಕೈ ಇದ್ದರೆ ಅಂಥ ಕಡೆ ಕೊಡಿ. ಇಲ್ಲ ಅಂದ್ರೆ ನಿಮ್ಮ ಮನೆಯವರ ಇಎಂಐ ಕಟ್ಟಿ. ಅದು ಚಿಕ್ಕ ಕೆಲಸ ಅಲ್ಲ.

ನಾನು ಕಟ್ಟುತ್ತಿದ್ದೀನಿ. ತಿಂಗಳಿಗೆ 54 ಸಾವಿರ, ನನ್ನ ಫ್ಲಾಟಿನ ಇಎಂಐ ಮೇಲೆ. ಕಾರ್ ಬದಲಿಸೋದು ಮುಂದೆ ಹೋಯ್ತು. ಹೆಂಡತಿ ಜೊತೆ ಎರಡು ಸಲ ಮಾತು ಜೋರಾಯ್ತು, ಅವಳ ಮಾತಲ್ಲೂ ನ್ಯಾಯ ಇತ್ತು. ಈ ವರ್ಷಕ್ಕೆ ಮಾತ್ರ, ಆಮೇಲೆ ಅವಳೇ ಕಟ್ಟಬೇಕು ಅಂತ ಮೂವರೂ ಕೂತು ಒಂದು ಕಾಗದದಲ್ಲಿ ಬರೆದುಕೊಂಡಿದ್ದೀವಿ. ಮುಂಬೈ ಆಫರ್ ಕಾಯಲಿಲ್ಲ, ಹೋಯ್ತು. ಆಗಸ್ಟ್ ನಂತರ ಏನು ಅನ್ನೋದು ಇನ್ನೂ ಗೊತ್ತಾಗಿಲ್ಲ. ಅರ್ಜಿ ಹಾಕ್ತಿದ್ದಾಳೆ.

ಅವ್ವ ಈಗಲೂ ವಾರಕ್ಕೊಮ್ಮೆ "ಯಾವಾಗ ಬರ್ತಾಳ?" ಅಂತ ಕೇಳ್ತಾಳೆ. ಮೊನ್ನೆ ಮಾತ್ರ ಬೇರೆ ಕೇಳಿದಳು. "ಆ ಹೆಣ್ಮಗಳು, ನೀ ಫೋಟೋ ತಗದಿ ಅಲ್ಲ, ಆಕಿ ಆರಾಮದಾಳೇನು?" ನನಗೆ ಗೊತ್ತಿರಲಿಲ್ಲ. ತಂಗಿಗೆ ಕೇಳಿದೆ. "ಅದನ್ನ ನಿನಗ ಹೇಳಂಗಿಲ್ಲ" ಅಂದಳು. ಸರಿಯಾದ ಉತ್ತರ ಅನಿಸಿತು.